ಗೊರಸಿನ ಋಣ

ಕಬ್ಬು ಅರೆಯುವ ಕಾಲದಲ್ಲಿ ಕೆ.ಎಂ. ದೊಡ್ಡಿಯ ರಸ್ತೆ ಬದಿಯಲ್ಲಿ ನಿಂತು, ತುಂಬಿದ ಗಾಡಿಯೊಂದು ಹಾದುಹೋಗುವಾಗ ಕಣ್ಣು ಮುಚ್ಚಿ ಕೇಳಿಸಿಕೊಳ್ಳಿ. ಲಾಳ ಗಟ್ಟಿಯಾಗಿರುವ ಜೋಡಿಯ ನಡಿಗೆಗೆ ಒಂದೇ ಸಮನಾದ ಸದ್ದಿರುತ್ತದೆ. ಒಂದು ಲಾಳ ಕಳಚಿದ್ದರೆ ಆ ಸದ್ದಿನ ನಡುವೆ ಒಂದು ಹೆಜ್ಜೆ ಮೂಕವಾಗುತ್ತದೆ. ಮೊಳೆ ಸಡಿಲವಾಗಿದ್ದರೆ ಒಂದು ಹೆಜ್ಜೆ ಮಾತ್ರ ಚಟಪಟ ಎನ್ನುತ್ತದೆ. ಹಳಬರು ಗಾಡಿಯ ಮೇಲೆ ತೂಕಡಿಸುತ್ತಿದ್ದರೂ ಇದನ್ನು ಕೇಳಿಸಿಕೊಂಡು ಎಚ್ಚರಗೊಂಡು ಕೆಳಗಿಳಿಯುತ್ತಿದ್ದರು. ಈಗ ಗಾಡಿಯಲ್ಲಿ ಮೊಬೈಲಿನ ಹಾಡು ಜೋರಾಗಿದೆ, ಪಕ್ಕದಲ್ಲೇ ಟ್ರ್ಯಾಕ್ಟರು ಗುಡುಗುತ್ತದೆ. ಆ ಮೂಕ ಹೆಜ್ಜೆ ಯಾರ ಕಿವಿಗೂ ಬೀಳುತ್ತಿಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಬಂಧುಗಳೇ, ನಾನು ಕೇಳಬೇಕೆಂದಿರುವುದು ಇಷ್ಟೇ. ನಿಮ್ಮ ಕೊಟ್ಟಿಗೆಯಲ್ಲಿರುವ ರಾಸಿನ ಗೊರಸಿನ ಅಡಿಭಾಗವನ್ನು ನೀವು ಕಡೆಯ ಸಲ ನೋಡಿದ್ದು ಯಾವಾಗ? ಸಂಕ್ರಾಂತಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಟೇಪು ಕಟ್ಟಿ, ಅರಿಶಿನ ಕುಂಕುಮ ಇಟ್ಟು ಕಿಚ್ಚು ಹಾಯಿಸುವ ನಾಡು ನಮ್ಮದು. ಕೊಂಬಿನಿಂದ ಬಾಲದವರೆಗೆ ಕೈಯಾಡಿಸುತ್ತೇವೆ. ಅದರ ಅಷ್ಟೂ ಭಾರ, ನಮ್ಮ ಅಷ್ಟೂ ಕಬ್ಬಿನ ಭಾರ ಯಾವುದರ ಮೇಲೆ ನಿಂತಿದೆಯೋ ಅದನ್ನು ಮಾತ್ರ ಎತ್ತಿ ನೋಡುವುದಿಲ್ಲ.

ಈ ಜಿಲ್ಲೆಯ ಬದುಕು ಎತ್ತಿನ ಕಾಲ ಮೇಲೆ ಬೆಳೆದು ಬಂದದ್ದು. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು. ನಾಲೆ ತಂದವರನ್ನು, ಕಾರ್ಖಾನೆ ಕಟ್ಟಿದವರನ್ನು ನಾವು ನೆನೆಯುತ್ತೇವೆ, ನೆನೆಯಬೇಕು. ಆದರೆ ಗದ್ದೆಯಿಂದ ಕಾರ್ಖಾನೆಯ ಬಾಗಿಲವರೆಗೆ ಆ ಕಬ್ಬನ್ನು ಎಳೆದು ತಂದವರು ಯಾರು? ಹಳ್ಳಿಕಾರ್ ತಳಿಯ ಎತ್ತುಗಳು. ಹೈದರ್, ಟಿಪ್ಪು ಕಾಲದಲ್ಲಿ ಸೇನೆಯ ಸರಂಜಾಮು ಎಳೆದ ಅಮೃತಮಹಲ್ ರಾಸುಗಳಿಗೂ ಇದೇ ಹಳ್ಳಿಕಾರ್ ಮೂಲ. 2000ನೇ ಇಸವಿಯಲ್ಲಿ ಅಂಚೆ ಇಲಾಖೆ ಹಳ್ಳಿಕಾರ್ ಚಿತ್ರದ ಅಂಚೆಚೀಟಿಯನ್ನೇ ತಂದಿತು. ಚೀಟಿಯ ಮೇಲಿನ ಎತ್ತಿಗೆ ಗೌರವ ಕೊಟ್ಟೆವು, ಟಾರು ರಸ್ತೆಯ ಮೇಲಿನ ಎತ್ತು ಕುಂಟುತ್ತಿದೆ.

ಕುಂಟುವುದಕ್ಕೆ ಕಾರಣ ನಮ್ಮ ಸೀಮೆಯ ಬೇಸಾಯದಲ್ಲೇ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಳವಳ್ಳಿಯ ಮೇಲುಭಾಗದ ರಾಗಿ ಹೊಲದ ಕೆಂಪು ನೆಲದಲ್ಲಿ, ಗೊರಜು ಮಣ್ಣಿನಲ್ಲಿ ದುಡಿಯುವ ಎತ್ತಿನ ಗೊರಸು ಒಣಗಿ, ಕಪ್ಪಗೆ, ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಬೆಳೆದಷ್ಟು ಸವೆಯುತ್ತದೆ, ಸವೆದಷ್ಟು ಬೆಳೆಯುತ್ತದೆ. ಹೊಲದಲ್ಲಷ್ಟೇ ಕೆಲಸವಿರುವ ಅಂಥ ಎತ್ತಿಗೆ ಲಾಳ ಬೇಕಾಗಿಯೇ ಇಲ್ಲ. ಮದ್ದೂರಿನ ನಾಲೆ ಬಯಲಿನ ಎತ್ತಿನ ಪಾಡು ಬೇರೆ. ಬೆಳಿಗ್ಗೆ ಮಂಡಿಯುದ್ದ ಕೆಸರಿನಲ್ಲಿ ಗದ್ದೆ ಉಳುತ್ತದೆ. ನೀರಿನಲ್ಲಿ ನೆನೆದ ಗೊರಸು ಮೆತ್ತಗಾಗುತ್ತದೆ. ಮಧ್ಯಾಹ್ನ ಅದೇ ಮೆತ್ತನೆಯ ಗೊರಸಿನಲ್ಲಿ ಟನ್‌ಗಟ್ಟಲೆ ಕಬ್ಬು ಹೊತ್ತ ಟೈರ್ ಗಾಡಿಯನ್ನು ಕಾದ ಟಾರಿನ ಮೇಲೆ ಎಳೆಯುತ್ತದೆ. ಒಣ ಗೊರಸಿಗಿಂತ ಒದ್ದೆ ಗೊರಸು ಬೇಗ ಸವೆಯುತ್ತದೆ, ಅದರಲ್ಲಿ ಮೊಳೆಯ ಹಿಡಿತವೂ ಕಡಿಮೆ. ದನದ ಗೊರಸು ತಿಂಗಳಿಗೆ ಬೆಳೆಯುವುದು ಹೆಚ್ಚುಕಡಿಮೆ ಅರ್ಧ ಸೆಂಟಿಮೀಟರು. ಟಾರು ರಸ್ತೆ ಅದನ್ನು ಕೆಲವೇ ದಿನಗಳಲ್ಲಿ ತಿಂದುಹಾಕುತ್ತದೆ. ಆಮೇಲೆ ಉಳಿಯುವುದು ತೆಳುವಾದ ಅಂಗಾಲು, ಅದರ ಹಿಂದೆ ರಕ್ತ, ನರ, ಮೂಳೆ.

ಮೊದಲು ಊರ ದಾರಿ ಮಣ್ಣಿನದು. ಈಗ ಕಬ್ಬಿನ ಗದ್ದೆಯ ಅಂಚಿನವರೆಗೂ ಟಾರು, ಕಾಂಕ್ರೀಟು. ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆಗೆ ಎತ್ತಿನ ಗಾಡಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯೇ ಗತಿ, ಅದೂ ಟಾರೇ. ಎತ್ತಿಗೆ ಮಣ್ಣಿನ ದಾರಿ ಎಂಬುದೇ ಇಲ್ಲವಾಗಿರುವಾಗ, ಅದರ ಕಾಲಿಗೆ ಕಬ್ಬಿಣ ಕಟ್ಟಿಸುವ ಹೊಣೆ ರಸ್ತೆ ಮಾಡಿಸಿಕೊಂಡ ನಮ್ಮ ಮೇಲೆ ಬಂದಿದೆ.

ಲಾಳ ಕಟ್ಟುವುದನ್ನು ಹತ್ತಿರದಿಂದ ನೋಡಿದವರಿಗೆ ಅದು ಎಂಥ ಕಸುಬು ಎಂಬುದು ಗೊತ್ತು. ಕೊರಳಿಗೊಂದು ಸುತ್ತು, ಮುಂಗಾಲಿನ ಹಿಂದೆ ಎದೆಗೊಂದು ಸುತ್ತು, ಹೊಟ್ಟೆಯ ಹಿಂಭಾಗಕ್ಕೊಂದು ಸುತ್ತು ಹಗ್ಗ ಹಾಕಿ ಹಿಂದಕ್ಕೆ ಎಳೆದರೆ ಎಂಥ ದೊಡ್ಡ ಎತ್ತೂ ನಿಧಾನವಾಗಿ ಕುಸಿದು ಮಲಗುತ್ತದೆ. ನಾಲ್ಕೂ ಕಾಲು ಕೂಡಿಸಿ ಕಟ್ಟಿ, ಗೊರಸು ಮೇಲೆ ಮಾಡಿ, ಲಾಳ ಕಟ್ಟುವವನು ಮೊದಲು ಸೀಳಿನ ನಡುವೆ ಸಿಕ್ಕಿಕೊಂಡ ಕಲ್ಲು, ಸಗಣಿ ಕೆರೆದು ತೆಗೆಯುತ್ತಾನೆ. ಆಮೇಲೆ ಉಳಿಯಿಂದ ಗೊರಸಿನ ಸತ್ತ ಪದರವನ್ನಷ್ಟೇ ಸವರುತ್ತಾನೆ. ಒಳ್ಳೆಯ ಕೈಯವನು ಆಗಾಗ ಹೆಬ್ಬೆರಳಿನಿಂದ ಅಂಗಾಲನ್ನು ಒತ್ತಿ ನೋಡುತ್ತಾನೆ. ಒತ್ತಿದರೆ ತಗ್ಗುವಂತಿದ್ದರೆ ಉಳಿ ಕೆಳಗಿಡುತ್ತಾನೆ, ಅದಕ್ಕಿಂತ ಒಂದು ಪದರ ಹೆಚ್ಚು ತೆಗೆದರೂ ಎತ್ತು ನೋವು ತಿನ್ನುತ್ತದೆ. ಒಂದೊಂದು ಕಾಲಿಗೂ ಸೀಳಿನ ಎರಡು ಕಡೆಗೆ ಎರಡು ತಗಡು. ಪೂರ್ತಿ ಕಟ್ಟಿದರೆ ಎತ್ತಿಗೆ ಎಂಟು, ಜೋಡಿಗೆ ಹದಿನಾರು. ಮೊಳೆ ಒಳಗಿನಿಂದ ಹೊರಕ್ಕೆ ವಾಲಿಕೊಂಡು ಹೋಗಿ ಗೊರಸಿನ ಗೋಡೆಯಲ್ಲಿ ಹೊರಬರಬೇಕು. ಹೊರಬಂದ ತುದಿಯನ್ನು ಮುರಿದು, ಮಡಿಸಿ, ಅರದಿಂದ ಉಜ್ಜಬೇಕು. ಕುದುರೆಯ ಗೊರಸಿನ ಗೋಡೆಗಿಂತ ದನದ ಗೋಡೆ ತೆಳು, ಹಾಗಾಗಿ ಇಲ್ಲಿ ತಪ್ಪಿಗೆ ಜಾಗವೇ ಇಲ್ಲ. ಮೊಳೆ ಕೂದಲೆಳೆಯಷ್ಟು ಒಳಕ್ಕೆ ಸರಿದರೆ ಹಸಿಗೆ ತಗಲಿತು ಎಂದರ್ಥ. ಎತ್ತು ಆಗಲೇ ಕಾಲು ಝಾಡಿಸುತ್ತದೆ. ಅದನ್ನು ಕಂಡೂ ಕಾಣದಂತೆ ಮುಂದಿನ ಮೊಳೆಗೆ ಕೈ ಹಾಕಿದರೆ, ಮೂರ್ನಾಲ್ಕು ದಿನಕ್ಕೆ ಕೀವು ತುಂಬಿ ಆ ಎತ್ತು ಕಾಲೂರಲಾರದೆ ನಿಲ್ಲುತ್ತದೆ.

ಇದನ್ನೆಲ್ಲ ನೋಡಿ, ಎತ್ತಿಗೆ ಲಾಳ ಹೊಡೆಯುವುದೇ ಕ್ರೌರ್ಯ, ನಿಲ್ಲಿಸಿಬಿಡಿ ಎನ್ನುವವರಿದ್ದಾರೆ. ಅವರ ಕರುಣೆಯನ್ನು ನಾನು ಗೌರವಿಸುತ್ತೇನೆ, ಮಾತನ್ನು ಒಪ್ಪುವುದಿಲ್ಲ. ಗೊರಸಿನ ಹೊರಗೋಡೆ ನಮ್ಮ ಉಗುರಿನ ಹಾಗೆ, ಅದರಲ್ಲಿ ನೋವಿಲ್ಲ. ಸರಿಯಾಗಿ ಹೊಡೆದ ಮೊಳೆಯಿಂದ ಎತ್ತಿಗೆ ನೋವಾಗುವುದಿಲ್ಲ. ಬರಿಗಾಲಿನ ಎತ್ತನ್ನು ಟಾರಿನ ಮೇಲೆ ಹೊಡೆದುಕೊಂಡು ಹೋಗುವುದೇ ನಿಜವಾದ ಹಿಂಸೆ. ಹಾಗೆಂದು ಲಾಳ ಕಟ್ಟಿಸಿದ ಮಾತ್ರಕ್ಕೆ ಕರ್ತವ್ಯ ಮುಗಿಯಿತು ಎಂದುಕೊಂಡವರದೂ ತಪ್ಪೇ. ಲಾಳ ಕೂತಿರುವಷ್ಟು ದಿನ ಅದರ ಮೇಲಿನ ಗೊರಸು ಸವೆಯುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ಹಳೆ ಲಾಳದ ಮೇಲೇ ಇನ್ನೆರಡು ಮೊಳೆ ಬಡಿದು ತಿಂಗಳು ತಳ್ಳಿದರೆ ಗೊರಸು ಮುಂದಕ್ಕೆ ಚಾಚಿ, ಭಾರವೆಲ್ಲ ಹಿಮ್ಮಡಿಗೆ ಬಿದ್ದು ಕೀಲು ನೋಯುತ್ತದೆ. ಅರೆಯುವ ಕಾಲ ಮುಗಿದ ಮೇಲೆ ಲಾಳ ಬಿಚ್ಚಿಸಿ, ಗೊರಸು ಸಮ ಮಾಡಿಸಿ, ಕೆಲವು ವಾರ ಬರಿಗಾಲಲ್ಲಿ ಮಣ್ಣಿನ ಮೇಲೆ ಓಡಾಡಲು ಬಿಡಬೇಕು. ಮೊಳೆಯ ತೂತುಗಳು ಕೆಳಗಿಳಿದು ಹೋಗಿ ಹೊಸ ಗೋಡೆ ಬರಬೇಕು.

ಕುದುರೆ ಸಾಕುವವರಲ್ಲಿ ಈ ಜಗಳ ಬಹಳ ಹಳೆಯದು. ಗ್ರೀಸಿನ ಕ್ಸೆನೊಫೋನ್ ಎರಡು ಸಾವಿರ ವರ್ಷಕ್ಕೂ ಹಿಂದೆ ಕುದುರೆ ಸವಾರಿಯ ಬಗ್ಗೆ ಬರೆದಾಗ, ಕುದುರೆ ನಿಲ್ಲುವ ಜಾಗದಲ್ಲಿ ದುಂಡು ಕಲ್ಲು ಹರಡಿ, ಗೊರಸು ತಾನೇ ಗಟ್ಟಿಯಾಗುತ್ತದೆ ಎಂದ. ಇವತ್ತಿಗೂ ಪಶ್ಚಿಮ ದೇಶಗಳಲ್ಲಿ ಒಂದು ಪಂಗಡ ಕಬ್ಬಿಣವೇ ಬೇಡ, ಸರಿಯಾಗಿ ಕತ್ತರಿಸಿದರೆ ಬರಿಗೊರಸೇ ಸಾಕು ಎನ್ನುತ್ತದೆ. ಇನ್ನೊಂದು ಪಂಗಡ ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಕತ್ತರಿಸಿ, ಮತ್ತೆ ಕಟ್ಟಬೇಕು ಎನ್ನುತ್ತದೆ. ನೆಲ ಯಾವುದು, ಕೆಲಸ ಎಷ್ಟು, ಗೊರಸು ಹೇಗಿದೆ, ಈ ಮೂರನ್ನೂ ನೋಡಿ ಆಯಾ ಪ್ರಾಣಿಗೆ ತಕ್ಕಂತೆ ತೀರ್ಮಾನ ಮಾಡುವವನೇ ಸರಿ ಎಂಬುದು ನನ್ನ ನಂಬಿಕೆ. ಮದ್ದೂರಿನಿಂದ ಕುಣಿಗಲ್ ರಸ್ತೆ ಹಿಡಿದರೆ ಟಿಪ್ಪು ಕಾಲದಿಂದ ಕುದುರೆ ಸಾಕಿದ ನೆಲ ಸಿಗುತ್ತದೆ. ಜೂಜಿಗೆ ಓಡುವ ತಳಿಯ ಮರಿಯ ಗೊರಸನ್ನು ಹುಟ್ಟಿದ ಕೆಲವು ತಿಂಗಳಿಂದಲೇ ನೋಡಿ ತಿದ್ದುತ್ತಾರೆ, ಓಟಕ್ಕೆ ಹಗುರವಾದ ಅಲ್ಯೂಮಿನಿಯಂ ಲಾಳ ಹಾಕುತ್ತಾರೆ. ಅಲ್ಲಿ ಕಾಲು ಕೆಟ್ಟರೆ ಲಕ್ಷಾಂತರ ರೂಪಾಯಿ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಮ್ಮ ಕಬ್ಬು ಎಳೆದ ಎತ್ತಿನ ಕಾಲಿಗೆ ಬೆಲೆ ಕಟ್ಟಿದವರು ಯಾರೂ ಇಲ್ಲ, ಅದಕ್ಕೇ ಈ ಉದಾಸೀನ.

ಗೊರಸು ಕತ್ತರಿಸುವ ಮಾತು ಬಂದಾಗ ಕೊಟ್ಟಿಗೆಯ ಹಸುವನ್ನು ಮರೆಯಬಾರದು. ಈ ಜಿಲ್ಲೆಯಲ್ಲಿ ಇವತ್ತು ಎತ್ತಿಗಿಂತ ಹೆಚ್ಚು ಸಂಕಟ ಪಡುತ್ತಿರುವುದು ಅವಳೇ ಎಂದರೂ ತಪ್ಪಿಲ್ಲ. ಗೆಜ್ಜಲಗೆರೆಯಲ್ಲಿರುವ ಜಿಲ್ಲಾ ಹಾಲು ಒಕ್ಕೂಟ ಮನ್‌ಮುಲ್‌ಗೆ ಊರೂರಿನ ಡೇರಿಯಿಂದ ಬೆಳಿಗ್ಗೆ ಸಂಜೆ ಹಾಲು ಹೋಗುತ್ತದೆ. ಆ ಹಾಲು ಕೊಡುವ ಎಚ್.ಎಫ್. ಮಿಶ್ರತಳಿಯ ಹಸು ವರ್ಷವಿಡೀ ಸಿಮೆಂಟಿನ ನೆಲದ ಮೇಲೆ, ಗಂಜಲ ಸಗಣಿಯ ಹಸಿಯಲ್ಲಿ, ಮೊಳದುದ್ದ ಹಗ್ಗದಲ್ಲಿ ನಿಂತಿರುತ್ತದೆ. ನಡೆದಾಟವಿಲ್ಲ, ಹಾಗಾಗಿ ಗೊರಸು ಸವೆಯುವುದಿಲ್ಲ. ಹಿಂಡಿ, ಬೂಸ ಚೆನ್ನಾಗಿ ಬೀಳುವುದರಿಂದ ಬೆಳವಣಿಗೆ ಮಾತ್ರ ಜೋರು. ಗೊರಸಿನ ಮುಂಭಾಗ ಹಳೆ ಕಾಲದ ಮೆಟ್ಟಿನ ತುದಿಯಂತೆ ಮೇಲಕ್ಕೆ ಬಾಗಿದ ಹಸುಗಳನ್ನು ಯಾವ ಊರಿನಲ್ಲಿ ಬೇಕಾದರೂ ನೋಡಬಹುದು. ಹಿಂಗಾಲಿನಲ್ಲಿ ಹೊರಗಡೆಯ ಗೊರಸು, ಮುಂಗಾಲಿನಲ್ಲಿ ಒಳಗಡೆಯದು ಹೆಚ್ಚು ಬೆಳೆಯುತ್ತದೆ. ಭಾರ ಒಂದೇ ಕಡೆ ಬಿದ್ದು ಅಂಗಾಲಿನ ಒಳಗೆ ಹುಣ್ಣಾಗುತ್ತದೆ. ಹಸು ಬೆನ್ನು ಗೂನು ಮಾಡಿ ನಿಲ್ಲುತ್ತದೆ, ಕಾಲು ಬದಲಿಸುತ್ತಲೇ ಇರುತ್ತದೆ, ಮೇವಿಗೆ ಬಾಯಿ ಹಾಕುವುದು ಕಡಿಮೆಯಾಗುತ್ತದೆ, ಹಾಲು ಇಳಿಯುತ್ತದೆ. ಆಗ ನಾವು ಹಿಂಡಿಯ ಕಂಪನಿ ಬದಲಿಸುತ್ತೇವೆ, ಯಾರ ಕಣ್ಣು ಬಿತ್ತೋ ಎಂದು ದೃಷ್ಟಿ ತೆಗೆಯುತ್ತೇವೆ. ಕಾಲು ಎತ್ತಿ ನೋಡುವುದಿಲ್ಲ.

ಹಾಲೆಂಡಿನ ಉಟ್ರೆಕ್ಟಿನಲ್ಲಿ ಟೂಸೆಂಟ್ ರಾವೆನ್ ಎಂಬ ಪಶುವೈದ್ಯರು ಹಸುವಿನ ಗೊರಸು ಕತ್ತರಿಸುವುದಕ್ಕೆ ಹಂತ ಹಂತದ ಕ್ರಮವೊಂದನ್ನು ರೂಪಿಸಿದರು. ದೊಡ್ಡ ಹೋಲ್‌ಸ್ಟೀನ್ ಹಸುವಿಗೆ ಗೊರಸಿನ ಮುಂಭಾಗ ಏಳೂವರೆ ಸೆಂಟಿಮೀಟರು ಉಳಿಯಬೇಕು, ಜೋಡಿ ಗೊರಸು ಒಂದೇ ಮಟ್ಟಕ್ಕೆ ಬಂದು ಭಾರ ಹಂಚಿಕೊಳ್ಳಬೇಕು, ನೋವಿರುವ ಕಡೆ ಭಾರ ತಗ್ಗಿಸಬೇಕು ಎಂಬುದು ಅದರ ತಿರುಳು. ಆ ಅಳತೆಯನ್ನು ನಮ್ಮ ಮಿಶ್ರತಳಿಗೆ ಕಣ್ಣುಮುಚ್ಚಿ ಹಾಕುವಂತಿಲ್ಲ, ಹಳ್ಳಿಕಾರ್‌ಗಂತೂ ಸಲ್ಲದು. ಆದರೆ ವರ್ಷಕ್ಕೆ ಎರಡು ಸಲ ಗೊರಸು ಕತ್ತರಿಸಬೇಕು ಎಂಬ ಶಿಸ್ತು ನಮ್ಮ ಕೊಟ್ಟಿಗೆಗೂ ಬೇಕು. ಬಂಡೂರು ಕುರಿ ಕಟ್ಟಿ ಮೇಯಿಸುವ ಮಳವಳ್ಳಿಯವರಿಗೂ ಇದೇ ಮಾತು.

ಮತ್ತೆ ಕಬ್ಬಿನ ಗಾಡಿಗೆ ಬರುತ್ತೇನೆ. "ಲಾಳ ಸವೆದೋಗದಲ್ಲಣ್ಣ" ಎಂದು ಹೇಳಿ ನೋಡಿ. "ಗೊತ್ತು ಬುಡಣ್ಣ, ಫ್ಯಾಕ್ಟ್ರಿ ಪರ್ಮಿಟ್ ಸಿಕ್ಕದೆ, ಈ ಲೋಡು ಇಳಿಸ್ಬುಟ್ಟು ಕಟ್ಟಿಸ್ತೀನಿ" ಎಂಬ ಉತ್ತರ ಬರುತ್ತದೆ. ಆ ಅಣ್ಣ ಕಟುಕನಲ್ಲ. ಕಬ್ಬು ಕಡಿದ ಮೇಲೆ ಗಂಟೆ ಗಂಟೆಗೂ ಒಣಗಿ ತೂಕ ಕಳೆದುಕೊಳ್ಳುತ್ತದೆ, ಕಾರ್ಖಾನೆಯ ಯಾರ್ಡಿನಲ್ಲಿ ಸಾಲು ತಪ್ಪಿದರೆ ರಾತ್ರಿಯೆಲ್ಲ ಕಾಯಬೇಕು. ಅವನ ಅವಸರ ನನಗೆ ಅರ್ಥವಾಗುತ್ತದೆ. ಆದರೆ ಆ ಒಂದು ಲೋಡು ಎರಡಾಗುತ್ತದೆ, ಎರಡು ಹತ್ತಾಗುತ್ತದೆ. ಎತ್ತಿಗೆ ಬಾಯಿಲ್ಲ. ಅಣ್ಣ, ನಿನ್ನ ಮಗನಿಗೆ ಕಾಲಲ್ಲಿ ಗಾಜು ಹೊಕ್ಕಿದ್ದರೆ ಈ ಲೋಡು ಇಳಿಸಿ ಬರುತ್ತೇನೆ ಎನ್ನುತ್ತಿದ್ದೆಯಾ?

ಕಾನೂನು ಹೊಸದಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಗಾಯ, ಹುಣ್ಣು, ರೋಗದಿಂದ ಕೆಲಸಕ್ಕೆ ಆಗದ ಪ್ರಾಣಿಯನ್ನು ದುಡಿಸುವುದು ಅಪರಾಧ. ಭಾರ ಎಳೆಯುವ ಪ್ರಾಣಿಗಳಿಗಾಗಿಯೇ 1965ರಲ್ಲಿ ನಿಯಮಗಳು ಬಂದವು. ದಿನಕ್ಕೆ ಒಟ್ಟು ಒಂಬತ್ತು ಗಂಟೆ ಮೀರಬಾರದು, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು, ಬಿಸಿಲು 37 ಡಿಗ್ರಿ ದಾಟಿದರೆ ಮಧ್ಯಾಹ್ನ 12ರಿಂದ 3ರವರೆಗೆ ನೊಗ ಹೂಡಬಾರದು. ಅರವತ್ತು ವರ್ಷದ ಈ ಮಾತನ್ನು ಕಬ್ಬು ಸಾಗಿಸುವ ಎಷ್ಟು ಮಂದಿಗೆ ಯಾರಾದರೂ ತಿಳಿಸಿ ಹೇಳಿದ್ದಾರೆ? ರೈತನನ್ನು ಹಿಡಿದು ದಂಡ ಹಾಕಿ ಎಂದು ನಾನು ಕೇಳುತ್ತಿಲ್ಲ.  ಲಾಳ ಕಟ್ಟಿಸುವ ಅನುಕೂಲವನ್ನು ಮೊದಲು ಕಾರ್ಖಾನೆಯ ಬಾಗಿಲಿಗೆ ತನ್ನಿ ಎನ್ನುತ್ತಿದ್ದೇನೆ.

ಮಂಡ್ಯದ ಮೈಷುಗರ್, ಕೆ.ಎಂ. ದೊಡ್ಡಿಯ ಚಾಮುಂಡೇಶ್ವರಿ, ಕೊಪ್ಪದ ಎನ್.ಎಸ್.ಎಲ್. ಕಾರ್ಖಾನೆಗಳ ಆಡಳಿತದವರೇ, ಲಾರಿ ಟ್ರ್ಯಾಕ್ಟರು ನಿಲ್ಲಲು, ತೂಕ ಮಾಡಲು ನಿಮ್ಮಲ್ಲಿ ವ್ಯವಸ್ಥೆಯಿದೆ. ಅದೇ ಯಾರ್ಡಿನ ಒಂದು ಮೂಲೆಯಲ್ಲಿ ನೆರಳು, ನೀರಿನ ತೊಟ್ಟಿ, ಮರಳು ಹಾಸಿದ ಮೆತ್ತನೆ ಜಾಗ, ಒಬ್ಬ ಲಾಳ ಕಟ್ಟುವವ ಇರಲಿ. ಗಾಡಿ ಸಾಲಿನಲ್ಲಿ ಕಾಯುವ ಹೊತ್ತು ಹೇಗಿದ್ದರೂ ಕಳೆದುಹೋಗುವ ಹೊತ್ತು, ಅದೇ ಹೊತ್ತಿನಲ್ಲಿ ಎತ್ತಿನ ಕಾಲು ನೋಡಿಸಬಹುದು. ಹೊಟ್ಟೆ ತುಂಬ ಮೇದ ಎತ್ತನ್ನು ಕೆಡವಿದರೆ ಉಬ್ಬರ ಬಂದು ಪ್ರಾಣಕ್ಕೆ ಸಂಚಕಾರ. ಆದ್ದರಿಂದ ಯಾರ್ಡಿನಲ್ಲೇ ನಿಂತ ನಿಲುವಿನಲ್ಲಿ ಕಾಲು ಕಟ್ಟಿಕೊಳ್ಳುವ ಕಬ್ಬಿಣದ ಚೌಕಟ್ಟೊಂದು ಇದ್ದರೆ ಇನ್ನೂ ಒಳ್ಳೆಯದು. ಯೂರೋಪಿನಲ್ಲಿ ಎತ್ತುಗಳಿಗೆ ಲಾಳ ಕಟ್ಟಲು ಇಂಥ ಚೌಕಟ್ಟಿನಲ್ಲಿ ಹೊಟ್ಟೆಗೆ ಪಟ್ಟಿ ಹಾಕಿ ಎತ್ತಿ ಹಿಡಿಯುತ್ತಿದ್ದರು. ನಮ್ಮ ಪಶು ಆಸ್ಪತ್ರೆಗಳಲ್ಲಿ ಸೂಜಿ ಹಾಕಲು ನಿಲ್ಲಿಸುವ ಚೌಕಟ್ಟು ಇದ್ದೇ ಇದೆ. ಅದನ್ನು ಸ್ವಲ್ಪ ತಿದ್ದಿದರೆ ಸಾಕು.

ಲಾಳ ಕಟ್ಟುವ ಕೈಗಳು ಕಡಿಮೆಯಾಗುತ್ತಿವೆ ಎಂಬುದು ಇದರ ಇನ್ನೊಂದು ಮುಖ. ನಾಲ್‌ಬಂದ್ ಮನೆತನಗಳವರು, ಊರ ಕಮ್ಮಾರರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ವಿದ್ಯೆ ಇದು. ಹಗ್ಗ ಹಿಡಿಯುವ ಜೊತೆಗಾರನಿಗೂ ಕೂಲಿ ಕೊಟ್ಟು, ಒದೆತ ತಿಂದು, ಸೊಂಟ ಬಗ್ಗಿಸಿ ಮಾಡುವ ಕೆಲಸಕ್ಕೆ ನಾವು ಕೊಡುವ ದುಡ್ಡಿನಲ್ಲೂ ಚೌಕಾಸಿ ಮಾಡುತ್ತೇವೆ. ಮಕ್ಕಳು ಈ ಕಸುಬಿಗೆ ಬಾರದೆ ಬೆಂಗಳೂರಿನ ಬಸ್ಸು ಹತ್ತಿದರೆ ಅವರನ್ನು ದೂರಿ ಏನು ಫಲ? 2023ರಲ್ಲಿ ಕೇಂದ್ರ ಸರ್ಕಾರ ಕುಶಲಕರ್ಮಿಗಳಿಗಾಗಿ ಪಿಎಂ ವಿಶ್ವಕರ್ಮ ಯೋಜನೆ ತಂದಾಗ ಹದಿನೆಂಟು ಕಸುಬುಗಳನ್ನು ಹೆಸರಿಸಿತು. ಕಮ್ಮಾರ, ಬಡಗಿ, ಚಮ್ಮಾರ, ಹೂ ಕಟ್ಟುವವರು, ಬಲೆ ಹೆಣೆಯುವವರು ಎಲ್ಲರೂ ಅದರಲ್ಲಿದ್ದಾರೆ. ಲಾಳ ಕಟ್ಟುವವನ ಹೆಸರು ಪ್ರತ್ಯೇಕವಾಗಿ ಇಲ್ಲ. ಜಿಲ್ಲೆಯ ಶಾಸಕರೇ, ಸಂಸದರೇ, ಆ ಪಟ್ಟಿಗೆ ಹತ್ತೊಂಬತ್ತನೆಯದಾಗಿ ಇದನ್ನು ಸೇರಿಸಿ ಎಂದು ಕೇಳಲು ನಿಮಗೆ ಒಂದು ಪತ್ರ ಸಾಕು. ಮನ್‌ಮುಲ್ ಒಂದೊಂದು ಹೋಬಳಿಗೆ ಇಬ್ಬರು ಯುವಕರನ್ನು ಆರಿಸಿ, ಹೆಬ್ಬಾಳದ ಪಶುವೈದ್ಯ ಕಾಲೇಜಿನವರಿಂದ ಗೊರಸು ಕತ್ತರಿಸುವ ತರಬೇತಿ ಕೊಡಿಸಲಿ. ಕೃತಕ ಗರ್ಭಧಾರಣೆಗೆ ಊರಿಗೆ ಹುಡುಗರು ಬರುತ್ತಾರಲ್ಲ, ಹಾಗೆಯೇ ಗೊರಸಿಗೂ ಬರಲಿ. ಹಳೆ ಕೈಗಳು ಇನ್ನೂ ಇರುವಾಗಲೇ ಅವರನ್ನು ಗುರುಗಳಾಗಿ ಕೂರಿಸಿ, ಗೌರವಧನ ಕೊಡಿ.

ಗಾಡಿ ಓಟದ ಗೆಳೆಯರಿಗೂ ಒಂದು ಮಾತು. ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ರಾಜ್ಯ 2017ರಲ್ಲಿ ತಂದ ತಿದ್ದುಪಡಿಯಿಂದ ಉಳಿದ ಓಟಕ್ಕೆ 2023ರ ಮೇ 18ರಂದು ಸುಪ್ರೀಂ ಕೋರ್ಟೂ ಒಪ್ಪಿಗೆ ಕೊಟ್ಟಿತು. ನೀವು ಎತ್ತಿಗೆ ಮೊಟ್ಟೆ, ಬೆಣ್ಣೆ, ಹುರುಳಿ ತಿನ್ನಿಸಿ ಮಗುವಿನಂತೆ ಸಾಕುತ್ತೀರಿ. ಹೇಮಗಿರಿ, ಮುಡುಕುತೊರೆ ಜಾತ್ರೆಗಳಲ್ಲಿ ನಿಮ್ಮ ಜೋಡಿಯ ಸುತ್ತ ಜನ ಮುಗಿಬೀಳುತ್ತಾರೆ. ಆ ಜಾತ್ರೆಗಳಲ್ಲಿ ಕೊಂಬಿನ ಅಂದ, ಮೈಕಟ್ಟು, ಹಲ್ಲು ನೋಡಿ ಬಹುಮಾನ ಕೊಡುತ್ತಾರೆ. ಇನ್ನು ಮುಂದೆ ಗೊರಸು ಎತ್ತಿ ನೋಡಿದ ಮೇಲೇ ಬಹುಮಾನ ಎಂಬ ಪದ್ಧತಿ ತನ್ನಿ. ನಿಮ್ಮ ಮಾತು ಹಳ್ಳಿಯಲ್ಲಿ ನಡೆಯುತ್ತದೆ, ಅಧಿಕಾರಿಯ ಮಾತಿಗಿಂತ ಹೆಚ್ಚು ನಡೆಯುತ್ತದೆ.

ಕಾಲುಬಾಯಿ ಜ್ವರ ಬಂದು ಹೋದ ರಾಸಿನ ಬಗ್ಗೆ ವಿಶೇಷ ಎಚ್ಚರ ಬೇಕು. ಜ್ವರ ಇಳಿದು ಬಾಯಿ ವಾಸಿಯಾದರೂ ಗೊರಸಿನ ಸಂದಿನ ಗಾಯ ತಡವಾಗಿ ಮಾಯುತ್ತದೆ, ಕೆಲವಕ್ಕೆ ಗೊರಸೇ ಕಳಚಿ ಹೊಸದು ಸೊಟ್ಟಗೆ ಬರುತ್ತದೆ. ಅಂಥದ್ದಕ್ಕೆ ನೊಗ ಹೂಡಬೇಡಿ, ಲಾಳವನ್ನೂ ಹೊಡೆಸಬೇಡಿ. ಲಸಿಕೆ ಹಾಕಲು ಬಂದಾಗ ತಪ್ಪದೆ ಹಾಕಿಸಿ. ಕುಂಟು ಕಂಡರೆ 1962ಕ್ಕೆ ಫೋನು ಮಾಡಿ, ಪಶು ಸಂಜೀವಿನಿ ಗಾಡಿ ಮನೆ ಬಾಗಿಲಿಗೆ ಬರುತ್ತದೆ.

ಇವತ್ತು ಸಂಜೆ ಗಾಡಿ ಬಿಚ್ಚಿದ ಮೇಲೆ, ಮೇವು ಹಾಕುವ ಮೊದಲು, ಒಂದೊಂದೇ ಕಾಲನ್ನು ಎತ್ತಿ ನೋಡಿ. ಸೀಳಿನ ಕೊಳೆ ತೊಳೆಯಿರಿ. ಮೊಳೆ ಎದ್ದಿದೆಯೇ, ತಗಡು ಸವೆದು ಕಾಗದವಾಗಿದೆಯೇ, ಒತ್ತಿದರೆ ಕಾಲು ಎಳೆದುಕೊಳ್ಳುತ್ತದೆಯೇ ನೋಡಿ. ಹಾಲು ಕರೆಯುವ ಅಕ್ಕಂದಿರೇ, ತಾಯಂದಿರೇ, ನಿಮ್ಮ ಹಸುವಿನ ಹಿಂಗಾಲಿನ ಹತ್ತಿರ ದಿನವೂ ಕೂರುವವರು ನೀವೇ, ಗೊರಸು ಬಾಗಿದ್ದು ಮೊದಲು ಕಾಣುವುದೂ ನಿಮಗೇ. ಕಂಡ ದಿನವೇ ಮನೆಯವರಿಗೆ ಹೇಳಿ, ಕೇಳದಿದ್ದರೆ ಡೇರಿಯ ಕಾರ್ಯದರ್ಶಿಗೆ ಹೇಳಿ. ಎತ್ತಿನ ಲಾಳ ಸವೆದಿದ್ದರೆ ನಾಳೆಯ ಗಾಡಿ ಕಟ್ಟಬೇಡಿ. ಪರ್ಮಿಟ್ ಇದ್ದರೂ ಕಟ್ಟಬೇಡಿ.